ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಪ್ಲಾಸ್ಮಾ ಚಿಕಿತ್ಸೆಯ ಜೊತೆಗೆ ಜೇನುತುಪ್ಪ ಹಚ್ಚಬಹುದೇ?

ಪ್ರಶ್ನೆ: ವರದಾ_ತೀರ (ಹಾನಗಲ್)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಎಪ್ಪತ್ತು ಸಮೀಪಿಸಿದೆ. ಸಕ್ಕರೆ ಕಾಯಿಲೆ ಅವರಿಗೆ ಬಹಳ ಹಳೆಯದು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆಗೆ, ಆಣಿಯಂತೆ ಗಟ್ಟಿಯಾಗಿದ್ದ ಜಾಗವೊಂದು ಬೇಸಿಗೆಯಲ್ಲಿ ಒಡೆದು ಹುಣ್ಣಾಯಿತು. ಈಗ ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲವಾಗಿದೆ. ಸುತ್ತಲೂ ಬಿಳಿಚಿಕೊಂಡ ಗಟ್ಟಿ ಚರ್ಮದ ಅಂಚು, ನಡುವೆ ನಸುಗೆಂಪು ತಳ, ಪಟ್ಟಿ ಬಿಚ್ಚಿದಾಗ ತೆಳು ನೀರಿನಂತಹ ಸೋರಿಕೆ. ನೋವು ಎಳ್ಳಷ್ಟೂ ಇಲ್ಲವೆಂದು ಅವರು ಹೇಳುತ್ತಾರೆ. ಅದೇ ಧೈರ್ಯದಿಂದ ಹೊಲಕ್ಕೆ ಹೋಗಿಬರುವುದನ್ನೂ ನಿಲ್ಲಿಸಿಲ್ಲ.

ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ, ಪ್ಲಾಸ್ಮಾ ಟ್ರೀಟ್‌ಮೆಂಟ್ ಮಾಡಿಸಿದರೆ ಹುಣ್ಣು ಬೇಗ ತುಂಬಿಕೊಳ್ಳುತ್ತದೆ ಎಂದು ಹೇಳಿ ಕಳುಹಿಸಿದ್ದಾರೆ. ಇತ್ತ ಮನೆಯಲ್ಲಿ ನಮ್ಮ ಸೋದರತ್ತೆಯವರು, ಶಿರಸಿ ಕಡೆಯಿಂದ ತರಿಸಿದ ತುಡುವೆ ಜೇನನ್ನು ದಿನವೂ ಹಚ್ಚಿದರೆ ಸಾಕು, ಬೇರೆ ಯಾವ ಚಿಕಿತ್ಸೆಯೂ ಬೇಡವೆಂದು ಪಟ್ಟು ಹಿಡಿದಿದ್ದಾರೆ. ಇವೆರಡನ್ನೂ ಕೂಡಿಸಿ ಇಂಡೋನೇಷ್ಯಾದಲ್ಲಿ ಪ್ರಯೋಗ ನಡೆದಿದೆಯೆಂದು ಒಂದು ಕಡೆ ಓದಿದ ಮೇಲೆ ನನಗೂ ಆಸೆ ಹುಟ್ಟಿದೆ. ಪ್ಲಾಸ್ಮಾ ಚಿಕಿತ್ಸೆ ನಡೆಯುತ್ತಿರುವಾಗ ಜೇನು ಹಚ್ಚಬಹುದೇ? ಹಚ್ಚಬಹುದಾದರೆ ಚಿಕಿತ್ಸೆಗೆ ಮೊದಲೋ, ಆಮೇಲೋ? ಸಕ್ಕರೆ ಕಾಯಿಲೆಯವರ ಗಾಯಕ್ಕೆ ಜೇನು ಹಚ್ಚಿದರೆ ರಕ್ತದಲ್ಲಿ ಸಕ್ಕರೆ ಏರುವುದಿಲ್ಲವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವ್ರಣಮಿತ್ರ (ಶಸ್ತ್ರಚಿಕಿತ್ಸಕ, ಮೈಸೂರು)

ನೀವು ಕೇಳಿದ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಕ್ಲಿನಿಕ್‌ನವರು ಯಾವ ಪ್ಲಾಸ್ಮಾ ಎಂದರು ಎಂಬುದನ್ನು ವಿಚಾರಿಸಿ. ನಮ್ಮ ಊರುಗಳಲ್ಲಿ ಗಾಯಕ್ಕೆ ಪ್ಲಾಸ್ಮಾ ಎಂದರೆ ಬಹುತೇಕ ಪಿಆರ್‌ಪಿ ಎಂದೇ ಅರ್ಥ: ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಕಿ ಹೊಡೆಸಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಹುಣ್ಣಿಗೆ ಹಾಕುವ ಚಿಕಿತ್ಸೆ ಅದು. ಇಂಡೋನೇಷ್ಯಾದ ಪ್ರಯೋಗದಲ್ಲಿ ಬಳಸಿದ್ದು ಕೋಲ್ಡ್ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಅಯಾನೀಕರಿಸಿದ (ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸಿದ) ಅನಿಲ. ಹೆಸರೊಂದನ್ನು ಬಿಟ್ಟರೆ ಇವೆರಡರ ನಡುವೆ ಯಾವ ನಂಟೂ ಇಲ್ಲ. ಇವಲ್ಲದೆ ಸೌಂದರ್ಯ ಚಿಕಿತ್ಸೆಯವರ ಬಳಿ ಇರುವ ಪ್ಲಾಸ್ಮಾ ಪೆನ್ ಎಂಬುದು ಚರ್ಮದ ಮೇಲೆ ಸಣ್ಣ ಸಣ್ಣ ಸುಟ್ಟ ಚುಕ್ಕೆಗಳನ್ನೇ ಮಾಡುವ ಸಾಧನ. ಅದನ್ನು ಹುಣ್ಣಿನ ಹತ್ತಿರಕ್ಕೂ ತರಬಾರದು.

ಇನ್ನು ತಂದೆಯವರ ಕಾಲಿನ ವಿಷಯ. ನೀವು ವರ್ಣಿಸಿದ ಹುಣ್ಣು ಒತ್ತಡದಿಂದ ಆದದ್ದು. ಸ್ಪರ್ಶ ಸತ್ತ ಪಾದದಲ್ಲಿ ಒಂದೇ ಜಾಗದ ಮೇಲೆ ಭಾರ ಬಿದ್ದು ಬಿದ್ದು, ಮೊದಲು ಚರ್ಮ ಗಟ್ಟಿಯಾಗಿ, ಆಮೇಲೆ ಅದರ ಅಡಿಯಲ್ಲೇ ಮಾಂಸ ಜಜ್ಜಿ ಒಡೆಯುತ್ತದೆ. ಅವರು ಹೊಲಕ್ಕೆ ನಡೆದು ಹೋಗುತ್ತಿರುವವರೆಗೆ, ಅದರ ಮೇಲೆ ಜೇನು ಹಚ್ಚಿದರೂ ಪ್ಲಾಸ್ಮಾ ಬಿಟ್ಟರೂ, ಪ್ರತಿ ಹೆಜ್ಜೆಯೂ ಆ ಕೆಲಸವನ್ನು ಕೆಡಿಸುತ್ತಲೇ ಇರುತ್ತದೆ. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಸಂಗತಿಯಲ್ಲ. ಅದೇ ರೋಗದ ಮೂಲ. ನೋವಿನ ಅರಿವು ಹೋದದ್ದರಿಂದಲೇ ಕುಷ್ಠರೋಗಿಗಳ ಕೈಕಾಲು ಹಾಳಾಗುತ್ತವೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಪಾಲ್ ಬ್ರಾಂಡ್ ಅವರು ತೋರಿಸಿಕೊಟ್ಟರು. ಪಾದಕ್ಕೆ ಒತ್ತಿಕೊಂಡು ಕೂತು ಭಾರವನ್ನು ಇಡೀ ಪಾದಕ್ಕೆ ಹಂಚುವ ಪ್ಲಾಸ್ಟರ್ ಪಟ್ಟಿ, ಅಂದರೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್, ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳಲ್ಲಿ ಪಳಗಿ ಆಮೇಲೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಂದ ವಿಧಾನ. ಹುಣ್ಣು ಮಾಯ್ದ ಮೇಲೆ ಮರಳಿ ಒಡೆಯದಿರಲು ಕೊಡುವ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿಯೂ ಕುಷ್ಠರೋಗ ನಿಯಂತ್ರಣದವರೇ ಹಂಚುತ್ತಿದ್ದ ಚಪ್ಪಲಿ.

ಆದ್ದರಿಂದ ಮೊದಲು ಈ ಪರೀಕ್ಷೆಗಳಾಗಲಿ. ಹುಣ್ಣಿನ ತಳಕ್ಕೆ ಶುದ್ಧವಾದ ಲೋಹದ ಕಡ್ಡಿ ಇಳಿಸಿ ಮೂಳೆ ತಾಗುತ್ತದೆಯೇ ಎಂದು ವೈದ್ಯರು ನೋಡಬೇಕು, ಎಕ್ಸ್‌ರೇ ತೆಗೆಸಬೇಕು, ಪಾದದ ನಾಡಿ ಸಿಗುತ್ತದೆಯೇ ಎಂದು ಪರೀಕ್ಷಿಸಿ ಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಬೇಕು. ಸುತ್ತಲಿನ ಆ ಬಿಳಿಯ ಗಟ್ಟಿ ಅಂಚನ್ನು ಬ್ಲೇಡಿನಿಂದ ಹೆರೆದು ತೆಗೆಯಬೇಕು. ಇದನ್ನು ಮನೆಯಲ್ಲಿ ಉಗುರು ಕತ್ತರಿಯಿಂದ ಮಾಡಬೇಡಿ.

ಡಯಾಬಿಟಿಕ್ ಫುಟ್ ಕುರಿತ ಅಂತರರಾಷ್ಟ್ರೀಯ ತಜ್ಞರ ಕಾರ್ಯಪಡೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹುಣ್ಣು ಮಾಯಿಸುವ ಉದ್ದೇಶಕ್ಕಾಗಿ ಜೇನನ್ನು ಬಳಸಬೇಡಿ ಎಂದೂ, ಕೋಲ್ಡ್ ಪ್ಲಾಸ್ಮಾದಂತಹ ಅನಿಲ ಚಿಕಿತ್ಸೆಗಳನ್ನು ಬಳಸದಿರುವುದು ಒಳಿತೆಂದೂ ಸಲಹೆ ಇದೆ. ಇವು ವಿಷವೆಂದು ಇದರರ್ಥವಲ್ಲ. ಈವರೆಗಿನ ಪುರಾವೆ ಖರ್ಚು ಮತ್ತು ಶ್ರಮಕ್ಕೆ ತಕ್ಕಷ್ಟು ಗಟ್ಟಿಯಾಗಿಲ್ಲವೆಂದಷ್ಟೇ ಅರ್ಥ. ಹಚ್ಚಿದ ಜೇನಿನಿಂದ ರಕ್ತದ ಸಕ್ಕರೆ ಗಮನಾರ್ಹವಾಗಿ ಏರುವುದಿಲ್ಲ. ಆ ಭಯ ಬೇಡ.

ಉತ್ತರ 2: ಅಯಾನು (ಭೌತಶಾಸ್ತ್ರ ಅಧ್ಯಾಪಕ, ಧಾರವಾಡ)

ವೈದ್ಯರು ಹೇಳಿದ ಮೇಲೆ ಚಿಕಿತ್ಸೆಯ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಜೇನು ಮೊದಲೋ ಪ್ಲಾಸ್ಮಾ ಮೊದಲೋ ಎಂಬ ಪ್ರಶ್ನೆಗೆ ಮಾತ್ರ ಭೌತ ಮತ್ತು ರಸಾಯನ ಶಾಸ್ತ್ರಗಳಲ್ಲಿ ತಕ್ಕಮಟ್ಟಿನ ಉತ್ತರವಿದೆ, ಅದನ್ನು ಹೇಳುತ್ತೇನೆ.

ಅಯಾನೀಕೃತ ಅನಿಲಕ್ಕೆ 1928ರಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಪ್ಲಾಸ್ಮಾ ಎಂದು ಹೆಸರಿಟ್ಟರು. ಕೋಲ್ಡ್ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಮಾತ್ರ ಸಾವಿರಾರು ಡಿಗ್ರಿಯಷ್ಟು ಚುರುಕಾಗಿರುತ್ತವೆ, ಅನಿಲದ ಭಾರವಾದ ಪರಮಾಣುಗಳು ತಂಪಾಗಿಯೇ ಉಳಿಯುತ್ತವೆ. ಹೀಗಾಗಿ ಚರ್ಮಕ್ಕೆ ತಾಗುವಾಗ ಅದು 40 ಡಿಗ್ರಿಯೊಳಗೇ ಇರುತ್ತದೆ. ಆರ್ಗಾನ್ ಅನಿಲದ ಜೆಟ್ ಸುತ್ತಲಿನ ಗಾಳಿಯೊಂದಿಗೆ ಬೆರೆತಾಗ ಪರಮಾಣು ಆಮ್ಲಜನಕ, ಹೈಡ್ರಾಕ್ಸಿಲ್ ರಾಡಿಕಲ್ (ಎದುರಾದ ಅಣುವಿನೊಂದಿಗೆ ಕೂಡಲೇ ವರ್ತಿಸುವ ತುಣುಕು), ನೈಟ್ರಿಕ್ ಆಕ್ಸೈಡ್, ಓಝೋನ್ ಹುಟ್ಟುತ್ತವೆ. ಇವುಗಳಲ್ಲಿ ಕೆಲವಕ್ಕೆ ಕಣ್ಣು ಮಿಟುಕಿಸುವುದರ ಸಾವಿರದಲ್ಲೊಂದು ಪಾಲು ಆಯುಷ್ಯವೂ ಇಲ್ಲ. ಗಾಯದ ತೇವದಲ್ಲಿ ಕರಗಿ ಉಳಿಯುವವು ಮುಖ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್ ಮತ್ತು ನೈಟ್ರೇಟ್.

ಈಗ ಜೇನಿನ ಕಡೆಗೆ ಬರೋಣ. ಅದರ ಆಮ್ಲೀಯತೆ ಸಾಧಾರಣವಾಗಿ ಪಿಎಚ್ 3.2ರಿಂದ 4.5ರ ನಡುವೆ. ನೀರಿನ ಅಂಶ ಕಡಿಮೆಯಾದ್ದರಿಂದ ಬ್ಯಾಕ್ಟೀರಿಯಾದ ಮೈಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಜೇನ್ನೊಣ ಸೇರಿಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ, ಜೇನು ಗಾಯದ ದ್ರವದಲ್ಲಿ ತೆಳುವಾದಾಗ ಎಚ್ಚೆತ್ತು, ಅಲ್ಲಿಯೂ ಹೈಡ್ರೋಜನ್ ಪೆರಾಕ್ಸೈಡನ್ನೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಜೇನಿನ ರೋಗಾಣುನಾಶಕ ಗುಣದ ಹಿಂದೆ ಇದು ಇದೆಯೆಂದು ಅಮೆರಿಕದ ಜೊನಾಥನ್ ವೈಟ್ ಮತ್ತು ಸಂಗಡಿಗರು 1960ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿದರು. ನ್ಯೂಜಿಲೆಂಡಿನ ಮನುಕಾ ಜೇನಿನಲ್ಲಿ ಪೆರಾಕ್ಸೈಡ್ ಇಲ್ಲದೆಯೂ ಉಳಿಯುವ ಶಕ್ತಿ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕದಿಂದ ಬರುತ್ತದೆಂಬುದು 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರಿಂದ ತಿಳಿದುಬಂತು.

ಅಂದರೆ ಎರಡು ಚಿಕಿತ್ಸೆಗಳೂ ಒಂದೇ ಅಣುವಿನ ಮೂಲಕ ಭಾಗಶಃ ಕೆಲಸ ಮಾಡುತ್ತವೆ: ಒಂದು ಒಮ್ಮೆಗೇ ಸುರಿಯುತ್ತದೆ, ಇನ್ನೊಂದು ಗಂಟೆಗಟ್ಟಲೆ ಜಿನುಗಿಸುತ್ತದೆ. ಇದಲ್ಲದೆ ನೈಟ್ರೈಟ್ ಮತ್ತು ಪೆರಾಕ್ಸೈಡ್ ಆಮ್ಲೀಯ ದ್ರವದಲ್ಲಿ ಕೂಡಿದಾಗ ಪೆರಾಕ್ಸಿನೈಟ್ರಸ್ ಆಮ್ಲವೆಂಬ, ಬ್ಯಾಕ್ಟೀರಿಯಾಕ್ಕೆ ಬಹಳ ಮಾರಕವಾದ ವಸ್ತು ಉಂಟಾಗುತ್ತದೆ. ಪ್ಲಾಸ್ಮಾ ತಾಗಿಸಿದ ನೀರು ಆಮ್ಲೀಯವಾಗಿದ್ದಾಗಲೇ ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದು ಕಾರಣವೆಂದು ಪ್ಲಾಸ್ಮಾ ಕ್ಷೇತ್ರದವರು ಒಪ್ಪುತ್ತಾರೆ. ಪ್ಲಾಸ್ಮಾ ಆದ ಕೂಡಲೇ ಜೇನಿನ ಆಮ್ಲೀಯತೆ ಸಿಕ್ಕರೆ ಲಾಭವಾಗಬಹುದೆಂಬ ಊಹೆಗೆ ಹೀಗೆ ಒಂದು ಆಧಾರವಿದೆ. ಊಹೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ.

ಅದೇ ಜೇನನ್ನು ಮೊದಲೇ ಬಳಿದು ಅದರ ಮೇಲೆ ಪ್ಲಾಸ್ಮಾ ಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಒಂದೆರಡು ಮಿಲಿಮೀಟರ್ ದಪ್ಪದ ಜೇನಿನ ಪದರವನ್ನು ಅಲ್ಪಾಯುಷಿಯಾದ ಆ ರಾಡಿಕಲ್‌ಗಳು ದಾಟಿ ಹೋಗಲಾರವು. ಜೇನಿನಲ್ಲಿರುವ ಸಕ್ಕರೆಗಳೂ ಪಾಲಿಫೀನಾಲ್‌ಗಳೆಂಬ ಸಸ್ಯಮೂಲದ ವಸ್ತುಗಳೂ ಅವನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತವೆ. ಗಾಯಕ್ಕೆಂದು ಹಣ ಕೊಟ್ಟ ಪ್ಲಾಸ್ಮಾ ಜೇನಿಗೆ ಖರ್ಚಾದಂತೆ.

ಇಂಡೋನೇಷ್ಯಾದ ಪ್ರಯೋಗ 2017ರಲ್ಲಿ ಕ್ಲಿನಿಕಲ್ ಪ್ಲಾಸ್ಮಾ ಮೆಡಿಸಿನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾದದ್ದು. ಕೋಲ್ಡ್ ಪ್ಲಾಸ್ಮಾ ಜೆಟ್, ಇಂಡೋನೇಷ್ಯಾದ ಜೇನು, ಜೊತೆಗೆ ವಿಶೇಷ ಬಗೆಯ ಡ್ರೆಸ್ಸಿಂಗ್, ಈ ಮೂರನ್ನೂ ಕೂಡಿಸಿ ಇಲಿಗಳ ಗಾಯದ ಮೇಲೆ ನೋಡಿದ್ದಾರೆ. ಇಲಿಯ ಚರ್ಮದಡಿ ತೆಳುವಾದ ಸ್ನಾಯುಪದರವಿರುವುದರಿಂದ ಅದರ ಗಾಯ ಬಹುಮಟ್ಟಿಗೆ ಸುಕ್ಕುಗಟ್ಟಿ ಮುಚ್ಚಿಕೊಳ್ಳುತ್ತದೆ. ಮನುಷ್ಯನ ಅಂಗಾಲಿನ ಹಳೆಯ ಹುಣ್ಣು ಹಾಗೆ ಮುಚ್ಚುವುದಿಲ್ಲ. ದಾರಿ ತೋರುವ ಪ್ರಯೋಗವೆಂದು ಅದನ್ನು ಗೌರವಿಸೋಣ, ಆದರೆ ತಂದೆಯವರ ಪಾದಕ್ಕೆ ಅದನ್ನೇ ಪ್ರಮಾಣವಾಗಿ ಹಿಡಿಯಲಾಗದು.

ಉತ್ತರ 3: ತುಡುವೆ_ಪೆಟ್ಟಿಗೆ (ಜೇನು ಕೃಷಿಕ, ಸಿದ್ದಾಪುರ)

ನಮ್ಮ ಕಡೆಯ ಜೇನಿನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಅತ್ತೆಯವರ ನಂಬಿಕೆಗೆ ಹಿಂದೆ ಮುಂದೆ ಇಲ್ಲವೆಂದೇನಲ್ಲ. ಜೇನು ತುಪ್ಪಗಳನ್ನು ಕೂಡಿಸಿ ವ್ರಣಕ್ಕೆ ಹಚ್ಚುವ ಕ್ರಮ ಸುಶ್ರುತನ ಕಾಲದಿಂದ ಬಂದದ್ದು. ಪಕ್ಕದ ಮಹಾರಾಷ್ಟ್ರದ ಸೊಲ್ಲಾಪುರದ ವೈದ್ಯಕೀಯ ಕಾಲೇಜಿನ ಎಂ. ಸುಬ್ರಹ್ಮಣ್ಯಂ ಅವರು 104 ಜನ ಸುಟ್ಟಗಾಯದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಜೇನನ್ನೂ ಉಳಿದವರಿಗೆ ಬೆಳ್ಳಿಯ ಮುಲಾಮನ್ನೂ ಹಚ್ಚಿ, ಜೇನಿನ ಗುಂಪಿನಲ್ಲಿ 91% ಗಾಯಗಳು ಏಳು ದಿನಗಳೊಳಗೆ ರೋಗಾಣುಮುಕ್ತವಾದವೆಂದು 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬರೆದಿದ್ದರು. ಜಗತ್ತಿನಲ್ಲಿ ಜೇನಿನ ಬಗ್ಗೆ ಮಾತಾಡುವವರೆಲ್ಲ ಆ ಲೇಖನವನ್ನು ಎತ್ತಿ ಹೇಳುತ್ತಾರೆ, ನಮಗೂ ಅದು ಹೆಮ್ಮೆಯೇ.

ಇಷ್ಟಿದ್ದರೂ ನನ್ನ ಪೆಟ್ಟಿಗೆಯ ಜೇನನ್ನು ತೆರೆದ ಹುಣ್ಣಿಗೆಂದು ಕೇಳಿದವರಿಗೆ ನಾನು ಕೊಡುವುದಿಲ್ಲ. ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದೆಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಕಾಯಿಸಿ ಕೊಲ್ಲೋಣವೆಂದರೆ, ಆ ಬೀಜಾಣುಗಳು ಸಾಯುವಷ್ಟು ಕಾಯಿಸುವ ಎಷ್ಟೋ ಮೊದಲೇ ಮೇಲಿನ ಮೇಷ್ಟ್ರು ಹೇಳಿದ ಕಿಣ್ವ ಸತ್ತಿರುತ್ತದೆ. ಅದಕ್ಕಾಗಿ ವೈದ್ಯಕೀಯ ದರ್ಜೆಯ ಜೇನನ್ನು ಕಾಯಿಸದೆ ಗಾಮಾ ಕಿರಣದಿಂದ ಶುದ್ಧಗೊಳಿಸುತ್ತಾರೆ. ಕಿಣ್ವದ ಶಕ್ತಿ ಅದರಲ್ಲಿ ಉಳಿಯುತ್ತದೆ.

ಮಳೆಗಾಲಕ್ಕೆ ಹತ್ತಿರ ತೆಗೆದ ನಮ್ಮ ಮಲೆನಾಡಿನ ಜೇನಿನಲ್ಲಿ ನೀರಿನಂಶ ಹೆಚ್ಚು. 20% ಮೀರಬಾರದೆಂದು ಆಹಾರದ ಮಾನದಂಡ ಹೇಳುತ್ತದೆ, ಮೇ ತಿಂಗಳ ಕೊನೆಯ ಕೊಯ್ಲಿನಲ್ಲಿ ಅದು ಮೀರಿ, ಬಾಟಲಿಯ ಮುಚ್ಚಳ ತೆಗೆದರೆ ಬುರುಬುರು ನೊರೆ ಏಳುವುದನ್ನು ಜೇನು ಸಾಕಿದವರೆಲ್ಲ ನೋಡಿರುತ್ತಾರೆ. ಔಷಧಕ್ಕೆ ಶ್ರೇಷ್ಠವೆಂದು ಹುಡುಕಿಕೊಂಡು ಬರುವ ಮಿಸರಿ (ಕುಟುಕದ ಪುಟ್ಟ ನೊಣದ) ಜೇನಿನಲ್ಲಂತೂ ನೀರು ಇನ್ನೂ ಹೆಚ್ಚು. ಅಂಗಡಿಯ ಜೇನಿನ ಕಥೆ ಬೇರೆ: ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2020ರ ಡಿಸೆಂಬರಿನಲ್ಲಿ 22 ಮಾದರಿಗಳನ್ನು ಕಲಬೆರಕೆಗಾಗಿ ಪರೀಕ್ಷಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಐದು ಮಾತ್ರ.

ಇನ್ನೊಂದು ಮಾತು, ಇದನ್ನು ವೈದ್ಯರು ಬರೆಯಲಾರರು. ಜೇನಿನ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಗಳಲ್ಲಿ ನೆಲದ ಮೇಲೆ ಹಾಸಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಹಿಡಿದಿರುತ್ತದೆ. ಸ್ಪರ್ಶ ಗೊತ್ತಾಗುವವನು ಕಾಲು ಕೊಡವಿ ಏಳುತ್ತಾನೆ. ನಿಮ್ಮ ತಂದೆಯವರಿಗೆ ಅದು ತಿಳಿಯುವುದೇ ಇಲ್ಲ.

ಉತ್ತರ 4: ಕುಡ್ಲದ_ಸಿಸ್ಟರ್ (ಶುಶ್ರೂಷಕಿ, ಜರ್ಮನಿ)

ನಾನು ಮಂಗಳೂರಿನವಳು, ಇಲ್ಲಿ ಹಳೆಯ ಗಾಯಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೋಲ್ಡ್ ಪ್ಲಾಸ್ಮಾ ಬಹುಪಾಲು ಈ ದೇಶದಲ್ಲೇ ಬೆಳೆದ ಚಿಕಿತ್ಸೆಯಾದ್ದರಿಂದ ಅದು ಹೇಗೆ ನಡೆಯುತ್ತದೆಂದು ಬರೆದರೆ ನಿಮಗೆ ಉಪಯೋಗವಾದೀತು. ಗ್ರೈಫ್ಸ್‌ವಾಲ್ಡ್ ನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಕಿನ್‌ಪೆನ್ ಎಂಬ ಉಪಕರಣಕ್ಕೆ 2013ರಲ್ಲಿ ಯೂರೋಪಿನ ವೈದ್ಯಕೀಯ ಉಪಕರಣದ ಮಾನ್ಯತೆ ದೊರೆಯಿತು. ದಪ್ಪ ಪೆನ್ನಿನಂತಿರುವ ಹಿಡಿ, ಅದರ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದದ ನೇರಳೆ ಬೆಳಕಿನ ಮೊನೆ. ನಿಮಿಷಕ್ಕೆ ಸುಮಾರು ಐದು ಲೀಟರ್ ಆರ್ಗಾನ್ ಹರಿಯುವ ಸಣ್ಣ ಸದ್ದು, ಸ್ವಲ್ಪ ಓಝೋನಿನ ವಾಸನೆ. ಆ ಮೊನೆಯನ್ನು ಗಾಯದ ಮೇಲೆ ನಿಧಾನವಾಗಿ ಸಾಲು ಸಾಲಾಗಿ ಓಡಿಸುತ್ತೇವೆ, ಒಂದು ಚದರ ಸೆಂಟಿಮೀಟರಿಗೆ ಅರ್ಧದಿಂದ ಒಂದು ನಿಮಿಷ. ರೋಗಿಗೆ ಬೆಚ್ಚನೆಯ ಗಾಳಿ ಸೋಕಿದಂತಾಗುತ್ತದೆ ಅಷ್ಟೆ.

ಅದಕ್ಕೂ ಮೊದಲಿನ ಕೆಲಸವೇ ಹೆಚ್ಚು ಹೊತ್ತು ಹಿಡಿಯುವಂಥದು. ಹಿಂದಿನ ಡ್ರೆಸ್ಸಿಂಗಿನ ಲೇಪ, ಅದು ಜೇನಾಗಲಿ ಬೆಳ್ಳಿಯಾಗಲಿ ಅಯೋಡಿನ್ ಆಗಲಿ, ಸಲೈನಿನಿಂದ ಪೂರ್ತಿ ತೊಳೆದು ಹೋಗಬೇಕು. ಸತ್ತ ಮಾಂಸದ ಹಳದಿ ಪೊರೆಯನ್ನು ಕೆರೆದು ತೆಗೆಯಬೇಕು. ಆಮೇಲೆ ಗಾಜ್ ಬಟ್ಟೆಯಿಂದ ಒತ್ತಿ, ತಳ ತೇವವಾಗಿ ಉಳಿಯುವಂತೆ ನಿಂತ ನೀರನ್ನು ಮಾತ್ರ ಹೀರಿಸಬೇಕು. ಅಧ್ಯಾಪಕರು ಲೆಕ್ಕ ಹಾಕಿ ಹೇಳಿದ್ದನ್ನು ನಾವು ಅಭ್ಯಾಸದಿಂದ ಮಾಡುತ್ತೇವೆ: ಪ್ಲಾಸ್ಮಾಕ್ಕೆ ಬರಿಯ ಗಾಯವೇ ಸಿಗಬೇಕು.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನ ಮೇಲೆ ಇಲ್ಲಿ ನಡೆದ ಒಂದು ಒಳ್ಳೆಯ ಪರೀಕ್ಷೆ 2020ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. 43 ರೋಗಿಗಳ 62 ಗಾಯಗಳ ಲೆಕ್ಕ. ಅರ್ಧದಷ್ಟು ಗಾಯಗಳಿಗೆ ಪ್ಲಾಸ್ಮಾ, ಉಳಿದವಕ್ಕೆ ವಿದ್ಯುತ್ ಇಲ್ಲದ ಬರಿಯ ಆರ್ಗಾನ್ ಗಾಳಿ. ಪ್ಲಾಸ್ಮಾ ಸಿಕ್ಕ ಗಾಯಗಳು ಬೇಗ ಕಿರಿದಾದವು. ಸೋಂಕು ಮತ್ತು ಬ್ಯಾಕ್ಟೀರಿಯಾದ ಸಂಖ್ಯೆಯಲ್ಲಿ ಮಾತ್ರ ಎರಡೂ ಗುಂಪುಗಳಿಗೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ರೋಗಾಣು ಕೊಲ್ಲುತ್ತದೆಯೆಂದು ಮಾರುವ ಚಿಕಿತ್ಸೆಯಲ್ಲಿ ಹೀಗಾದದ್ದು ನನಗೆ ಕುತೂಹಲ ಹುಟ್ಟಿಸಿದೆ. ಬಹುಶಃ ಅದು ಜೀವಕೋಶಗಳನ್ನೇ ಚುರುಕುಗೊಳಿಸುತ್ತಿರಬಹುದು. ಹಾಗಿದ್ದರೆ, ಮೇಲೆ ಇನ್ನೊಂದು ರೋಗಾಣುನಾಶಕ ಹಚ್ಚಿ ಏನು ಸಾಧಿಸುತ್ತೇವೆಂಬ ಪ್ರಶ್ನೆಯೂ ಏಳುತ್ತದೆ.

ಪ್ಲಾಸ್ಮಾ ಆದ ಮೇಲೆ ಜೇನಿನ ಡ್ರೆಸ್ಸಿಂಗ್ ಹಾಕಿದ್ದನ್ನು ನೋಡಿದ್ದೇನೆ, ನಾನೂ ಹಾಕಿದ್ದೇನೆ. ಟ್ಯೂಬಿನಲ್ಲಿ ಬರುವ ಜೇನಿಗಿಂತ, ಜೇನು ತುಂಬಿದ ಆಲ್ಜಿನೇಟ್ (ಕಡಲಪಾಚಿಯಿಂದ ಮಾಡಿದ, ದ್ರವ ಹೀರುವ) ಹಾಳೆ ಅನುಕೂಲ, ಏಕೆಂದರೆ ಜೇನು ಗಾಯದಿಂದ ದ್ರವ ಎಳೆಯುತ್ತದೆ. ಮೊದಲ ಕೆಲವು ದಿನ ಸೋರಿಕೆ ಹೆಚ್ಚಿ ಪಟ್ಟಿ ಒದ್ದೆಯಾಗುತ್ತದೆ. ಮೇಲೆ ಹೀರುವ ಪ್ಯಾಡ್ ಸರಿಯಾಗಿಲ್ಲದಿದ್ದರೆ ಅಂಚಿನ ಒಳ್ಳೆಯ ಚರ್ಮ ನೆಂದು, ಬಹಳ ಹೊತ್ತು ನೀರಿನಲ್ಲಿದ್ದ ಬೆರಳಿನಂತೆ ಬಿಳಿಚಿ ಸುಕ್ಕಾಗುತ್ತದೆ, ಹುಣ್ಣು ಅಲ್ಲಿಂದಲೇ ಅಗಲವಾಗುತ್ತದೆ. ನೀವು ಬರೆದ ಬಿಳಿಯ ಅಂಚಿನಲ್ಲಿ ಒತ್ತಡದ ಪಾಲೆಷ್ಟು, ಒದ್ದೆಯ ಪಾಲೆಷ್ಟು ಎಂದು ಯಾರಾದರೂ ಕೈಯಿಂದ ಮುಟ್ಟಿ ನೋಡಬೇಕು. ಜೇನು ಹಚ್ಚಿದಾಗ ಉರಿಯುತ್ತದೆಂದು ಬೇರೆ ರೋಗಿಗಳು ಕೂಡಲೇ ಹೇಳುತ್ತಾರೆ, ಸ್ಪರ್ಶವಿಲ್ಲದವರು ಹೇಳುವುದಿಲ್ಲ.

ಜೇನ್ನೊಣದ ಕಡಿತದಿಂದ ಹಿಂದೆ ಮೈಯೆಲ್ಲ ಊದಿದ್ದರೆ ಅದನ್ನು ತಿಳಿಸಿ. ಪೇಸ್‌ಮೇಕರ್ ಇದ್ದರೆ ಅದನ್ನೂ ತಿಳಿಸಿ, ಏಕೆಂದರೆ ಕೆಲವು ಬಗೆಯ ಪ್ಲಾಸ್ಮಾ ಉಪಕರಣಗಳಲ್ಲಿ ರೋಗಿಯ ದೇಹವೇ ವಿದ್ಯುತ್ ಮಂಡಲದ ಒಂದು ತುದಿಯಾಗಿರುತ್ತದೆ.

ಮರುಪ್ರಶ್ನೆ: ವರದಾ_ತೀರ

ಎಲ್ಲರಿಗೂ ಧನ್ಯವಾದಗಳು. ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ. ವ್ರಣಮಿತ್ರ ಅವರು ಊಹಿಸಿದಂತೆ ಅದು ಪಿಆರ್‌ಪಿ. ಯಂತ್ರದ ಪ್ಲಾಸ್ಮಾ ತಮ್ಮಲ್ಲಿ ಇಲ್ಲವೆಂದರು. ಹಾಗಾದರೆ ಪಿಆರ್‌ಪಿಯ ಜೊತೆಗೆ ಜೇನು ನಡೆಯುತ್ತದೆಯೇ? ಅತ್ತೆಯವರಿಗೆ ಏನಾದರೂ ಹೇಳಬೇಕಲ್ಲ. ಸೊಲ್ಲಾಪುರದ ಲೇಖನದ ವಿಷಯ ಕೇಳಿ ಅವರ ಉತ್ಸಾಹ ಇಮ್ಮಡಿಯಾಗಿದೆ.

ಉತ್ತರ 5: ವ್ರಣಮಿತ್ರ

ಸೊಲ್ಲಾಪುರದ ಆ ಪರೀಕ್ಷೆ ಸುಟ್ಟಗಾಯದ ಮೇಲೆ ನಡೆದದ್ದೆಂದು ಅತ್ತೆಯವರಿಗೆ ಹೇಳಿ. ಜೇನಿನ ಕುರಿತು 26 ಪರೀಕ್ಷೆಗಳನ್ನು, ಅಂದರೆ 3,011 ಜನರನ್ನು ಒಟ್ಟಿಗೆ ನೋಡಿದ 2015ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆಯನ್ನು ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಪರಾಮರ್ಶೆಯಲ್ಲೂ, ಮೇಲ್ಪದರದ ಸುಟ್ಟಗಾಯಗಳಿಗೆ ಮತ್ತು ಶಸ್ತ್ರಚಿಕಿತ್ಸೆಯ ನಂತರ ಕೀವಾದ ಗಾಯಗಳಿಗೆ ಜೇನು ಉಪಯುಕ್ತವೆಂದು ಕಂಡಿತೇ ಹೊರತು ಹಳೆಯ ಹುಣ್ಣುಗಳಿಗೆ ಹಾಗೆ ಹೇಳಲಾಗಲಿಲ್ಲ. ಮನುಕಾ ಜೇನಿನ ತವರಾದ ನ್ಯೂಜಿಲೆಂಡಿನಲ್ಲೇ, ಸಿರೆಗಳ ದೋಷದಿಂದ ಕಾಲಿನಲ್ಲಿ ಹುಣ್ಣಾದ 368 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೇನಿನ ಡ್ರೆಸ್ಸಿಂಗಿಗೂ ಸಾಮಾನ್ಯ ಡ್ರೆಸ್ಸಿಂಗಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಾಯದ ಜಾತಿ ಬದಲಾದರೆ ಔಷಧದ ಗುಣವೂ ಬದಲಾಗುತ್ತದೆ, ಅದಕ್ಕೆ ಜೇನು ಹೊರತಲ್ಲ.

ಪಿಆರ್‌ಪಿಯ ಜೊತೆ ಜೇನು ಬೇಡ. ಪ್ಲೇಟ್‌ಲೆಟ್‌ಗಳನ್ನು ಹೆಪ್ಪುಗಟ್ಟಿಸಿ ಹುಣ್ಣಿನಲ್ಲಿ ಕೂರಿಸುವುದೇ ಅದು ಅಲ್ಲಿ ನಿಂತು ಬೆಳವಣಿಗೆಯ ಅಂಶಗಳನ್ನು ಬಿಡುತ್ತಿರಲಿ ಎಂದು. ಆ ಹೆಪ್ಪಿನ ಮೇಲೆ ಆಮ್ಲೀಯವಾದ, ನೀರನ್ನು ಎಳೆಯುವ ಜೇನನ್ನು ಸುರಿದರೆ ದ್ರವ ಉಕ್ಕಿ ಹೆಪ್ಪು ನೆಲೆ ತಪ್ಪುತ್ತದೆ. ಹೆಪ್ಪಿನ ಮೇಲೆ ಅಂಟದ ಗಾಜ್ ಮತ್ತು ಪ್ಯಾಡ್ ಸಾಕು. ಅವರು ಹೇಳಿದ ದಿನದವರೆಗೆ ಬಿಚ್ಚಬೇಡಿ.

ಪಿಆರ್‌ಪಿಯನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ರೋಗಿಯ ರಕ್ತದಿಂದಲೇ ಮಾಡಿದ ಬಿಳಿರಕ್ತಕಣ, ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ (ಹೆಪ್ಪಿನ ನಾರು) ಸೇರಿದ ಬಿಲ್ಲೆಯನ್ನು ಬ್ರಿಟನ್, ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಕ್ಲಿನಿಕ್‌ಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ, 20 ವಾರಗಳಲ್ಲಿ ಮಾಯ್ದ ಹುಣ್ಣುಗಳು ಬಿಲ್ಲೆ ಹಾಕಿದವರಲ್ಲಿ 34%, ಹಾಕದವರಲ್ಲಿ 22% ಇದ್ದವು. ಗಮನಿಸಿ, ಹಾಕಿದವರಲ್ಲೂ ಮೂರರಲ್ಲಿ ಎರಡು ಪಾಲು ಮಾಯಲಿಲ್ಲ. ಇದು ಒಂದು ಗೊತ್ತಾದ ವಿಧಾನದಲ್ಲಿ ಮಾಡಿದ ಬಿಲ್ಲೆಯ ಲೆಕ್ಕ. ಪ್ರತಿ ಕ್ಲಿನಿಕ್‌ನ ಪಿಆರ್‌ಪಿಗೂ ಅದೇ ಲೆಕ್ಕ ಅನ್ವಯಿಸುವುದಿಲ್ಲ. ಅವರನ್ನು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಪಿಆರ್‌ಪಿ ಹಾಕುವ ಮೊದಲು ಪಾದದ ಭಾರ ಇಳಿಸಲು ಏನು ಮಾಡುತ್ತೀರಿ? ಕಾಸ್ಟ್ ಹಾಕುತ್ತೇವೆ, ಅಥವಾ ಮೊಣಕಾಲಿನವರೆಗಿನ ಬಿಚ್ಚಲಾಗದ ಬೂಟು ಕೊಡುತ್ತೇವೆ ಎಂದರೆ ಮುಂದುವರಿಯಿರಿ. ಅದರ ಬಗ್ಗೆ ಮಾತೇ ಇಲ್ಲದಿದ್ದರೆ ಬೇರೆ ಕಡೆ ತೋರಿಸಿ. ನಾಡಿ ಸಿಗದ ಕಾಲಿಗಾದರೆ ಕಾಸ್ಟ್ ಹಾಕುವ ಮೊದಲು ರಕ್ತನಾಳದ ತಜ್ಞರು ನೋಡಲೇಬೇಕು.

ಉತ್ತರ 6: ಕುಡ್ಲದ_ಸಿಸ್ಟರ್

ಅತ್ತೆಯವರಿಗೆ ಒಂದು ಕೆಲಸ ವಹಿಸಿಕೊಡಿ, ಇಲ್ಲದಿದ್ದರೆ ನೀವು ಇಲ್ಲದಾಗ ಜೇನು ಹಚ್ಚಿಯೇ ಹಚ್ಚುತ್ತಾರೆ. ದಿನವೂ ಸಂಜೆ ತಂದೆಯವರ ಇನ್ನೊಂದು ಪಾದವನ್ನು ಬೆಳಕಿಗೆ ಹಿಡಿದು, ಬೆರಳ ಸಂದುಗಳನ್ನೂ ಹಿಮ್ಮಡಿಯನ್ನೂ ನೋಡಿ, ಎಲ್ಲಿಯಾದರೂ ಕೆಂಪಾಗಿದೆಯೇ, ಆಣಿ ಕಟ್ಟುತ್ತಿದೆಯೇ, ಕೈಗೆ ಬಿಸಿ ತಾಗುತ್ತದೆಯೇ ಎಂದು ಅವರು ಹೇಳಲಿ. ಒಂದು ಕಾಲಿಗೆ ಕಾಸ್ಟ್ ಹಾಕಿದಾಗ ಭಾರವೆಲ್ಲ ಎರಡನೆಯದರ ಮೇಲೆ ಬೀಳುತ್ತದೆ. ಹುಣ್ಣಿರುವ ಕಾಲಿನಲ್ಲಿ ಕೆಂಪು ಮೇಲಕ್ಕೆ ಹರಡಿದರೆ, ದುರ್ವಾಸನೆ ಬಂದರೆ, ಚರ್ಮ ಕಪ್ಪಾದರೆ, ಅಥವಾ ಜ್ವರ ಬಂದು ಸಕ್ಕರೆ ಏಕಾಏಕಿ ಏರಿದರೆ ಮುಂದಿನ ಡ್ರೆಸ್ಸಿಂಗಿನ ದಿನಕ್ಕೆ ಕಾಯದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.